ಕೇಳಿದ್ದು ಒಂದು, ಒಪ್ಪಿಸಿದ್ದು ಇನ್ನೊಂದು

ಮಂಗಳೂರಿಗೆ ಹೆಸರು ಬಂದದ್ದು ಮಂಗಳಾದೇವಿಯಿಂದ ಎನ್ನುತ್ತಾರೆ. ಆ ದೇವಿಯ ಗುಡಿ ಇರುವುದು ಬೋಳಾರದಲ್ಲಿ. 1980ರ ದಶಕದ ಕೊನೆಯ ಒಂದು ರಾತ್ರಿ ಅದರ ಸಮೀಪದಲ್ಲೇ ನಡೆದ ತಾಳಮದ್ದಳೆಯೊಂದಕ್ಕೆ ಹೋಗಿದ್ದೆ. ಪ್ರಸಂಗ ‘ವಾಲಿವಧೆ’.

ಬಾಣ ತಗಲಿ ವಾಲಿ ಬಿದ್ದಿದ್ದಾನೆ. ವಾಲಿಯ ಅರ್ಥ ಹೇಳುತ್ತಿದ್ದವರು ನುರಿತವರು. ಅವರು ಎತ್ತಿದ್ದು ಬಹಳ ಸಣ್ಣ ಪ್ರಶ್ನೆ. “ರಾಘವಾ, ಮರದ ಮರೆಯ ವಿಚಾರ ಹಾಗಿರಲಿ. ನಿನಗೆ ಬೇಕಾದದ್ದು ಸೀತೆ ತಾನೇ? ನನ್ನಲ್ಲಿ ಒಂದು ಮಾತು ಹೇಳಿದ್ದರೆ ಸಾಲದಿತ್ತೇ?” ರಾಮನಾಗಿ ಕೂತವರು ಕಿರಿಯರು. ಶಾಲು ಸರಿಪಡಿಸಿಕೊಂಡು ಸೂರ್ಯವಂಶದಿಂದ ಪ್ರಾರಂಭಿಸಿದರು. ಇಕ್ಷ್ವಾಕು, ಮಾಂಧಾತ, ಹರಿಶ್ಚಂದ್ರ, ದಿಲೀಪ, ರಘು ಎಲ್ಲರೂ ಸಾಲಾಗಿ ಬಂದು ಹೋದರು. ಆಮೇಲೆ ಧರ್ಮದ ಲಕ್ಷಣ, ರಾಜನೀತಿ, ನಾಲ್ಕಾರು ಶ್ಲೋಕ. ಇಪ್ಪತ್ತೈದು ನಿಮಿಷ ಕಳೆಯಿತು. ಮಾತು ಸೊಗಸಾಗಿಯೇ ಇತ್ತು. ವಾಲಿ ಕೇಳಿದ್ದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ, ಅಷ್ಟೆ.

ವಾಲಿ ಮತ್ತೆ ಅದನ್ನೇ ಕೇಳಿದರು. ಮತ್ತೆ ಇಪ್ಪತ್ತು ನಿಮಿಷ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು “ಕೇಂಡಿನ ಒಂಜಿ, ಪಂಡಿನ ನನೊಂಜಿ” ಎಂದು ತುಳುವಿನಲ್ಲಿ ಗೊಣಗಿದರು. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು ಎಂದರ್ಥ. ಬಳಿಕ ನನ್ನ ಕಡೆ ಬಾಗಿ, “ಎ ಸೈಡು ಮುಗಿಯಿತು ಮಾರಾಯರೇ, ಈಗ ಬಿ ಸೈಡು” ಎಂದರು. ಆ ಮಾತುಗಳೆಲ್ಲ ಪ್ರಸಿದ್ಧ ಅರ್ಥಧಾರಿಯೊಬ್ಬರ ಕ್ಯಾಸೆಟ್ಟಿನವು. ಸಭೆಯ ಅರ್ಧದಷ್ಟು ಮಂದಿಗೆ ಅದು ಗೊತ್ತಿತ್ತು.

ಎರವಲು ತಂದ ಉದ್ದುದ್ದ ಉತ್ತರ ಕೇಳಿ ರೇಗದವರು ಯಾರೂ ಇಲ್ಲ. ಆದರೆ ಕರಾವಳಿಯವರಿಗೆ ಈ ಸಿಟ್ಟು ತುಸು ಹೆಚ್ಚೇ ಬರುತ್ತದೆ. ಪ್ರಶ್ನೋತ್ತರವನ್ನೇ ಒಂದು ಕಲೆಯಾಗಿ ಬೆಳೆಸಿದ ಊರು ಇದು.

ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಆಟಕ್ಕೆ ಎದುರಾಗಿ ಇದನ್ನು ‘ಕೂಟ’ ಎಂದು ಕರೆಯುವುದೂ ಅದಕ್ಕೇ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಚೆಂಡೆ ಮದ್ದಳೆ ನಿಲ್ಲುತ್ತದೆ, ಎದುರುಬದುರು ಕೂತ ಅರ್ಥಧಾರಿಗಳು ಆ ಪದದ ಆಧಾರದಲ್ಲಿ ಮಾತು ಬೆಳೆಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ, ಪೂರ್ವಾಭ್ಯಾಸ ಇಲ್ಲ, ನಿರ್ದೇಶಕನೂ ಇಲ್ಲ. ರಾಮ ಮತ್ತು ವಾಲಿ ಆ ಸಂಜೆಯೇ ಮೊದಲ ಬಾರಿಗೆ ಪರಸ್ಪರ ಮುಖ ನೋಡಿದವರಿರಬಹುದು. ಈ ಕಲೆ ಹಳೆಯದು. ಬಳ್ಳಾರಿ ಸೀಮೆಯ ಕುರುಗೋಡಿನಲ್ಲಿ ಸಿಕ್ಕಿದ 1556ರ ಶಾಸನವೊಂದು ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಸಂಗತಿಯನ್ನು ಹೇಳುತ್ತದೆ. ತುಳುನಾಡಿನಲ್ಲಿ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ ಮನೆಯ ಚಾವಡಿಗಳಲ್ಲೇ ಕೂಟ ನಡೆಯುತ್ತಿತ್ತು. ಮೊದಮೊದಲು ಅರ್ಥವೆಂದರೆ ಪದದ ತಾತ್ಪರ್ಯ ಹೇಳಿ ಮುಗಿಸುವುದು. ಇಪ್ಪತ್ತನೆಯ ಶತಮಾನದಲ್ಲಿ ಅಧ್ಯಾಪಕರು, ವಕೀಲರು, ಹರಿದಾಸರು, ಓದಿದ ಕೃಷಿಕರು ಬಂದು ಸೇರಿದ ಮೇಲೆ ಮಾತು ಹಿಗ್ಗಿತು, ವಾದ ಮೊನಚಾಯಿತು.

ಒಂದು ಸಂಗತಿ ಗಮನಿಸಬೇಕು. ಉಡುಪಿಯ ಪಾವಂಜೆ ಗುರುರಾಯರಂಥ ಪ್ರಕಾಶಕರು ಪ್ರಸಂಗಗಳನ್ನು ಅಚ್ಚು ಹಾಕಿಸಿದಾಗ ಪುಸ್ತಕದಲ್ಲಿ ಇದ್ದದ್ದು ಪದಗಳು ಮಾತ್ರ. ಅರ್ಥ ಅದರಲ್ಲಿರಲಿಲ್ಲ. ಪದ ಎಲ್ಲರದು, ಅರ್ಥ ಅವರವರದು. ಹಾಗೆಂದು ನಕಲು ಇರಲಿಲ್ಲವೆಂದಲ್ಲ. ಹೊಸಬರು ಗುರುಗಳ ಮಾತನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು. ಆದರೆ ಒಮ್ಮೆ ಕೇಳಿದ್ದನ್ನು ಪೂರ್ತಿ ಬರೆದುಕೊಳ್ಳಲು ಯಾರಿಂದ ಸಾಧ್ಯ? ಬಿಟ್ಟುಹೋದ ಜಾಗವನ್ನು ಸ್ವಂತ ಬುದ್ಧಿಯಿಂದಲೇ ತುಂಬಬೇಕಿತ್ತು. 1976ರಲ್ಲಿ ಮಂಗಳೂರು ಆಕಾಶವಾಣಿ ಬಂತು, ಅದರ ಬೆನ್ನಿಗೇ ಟೇಪ್ ರೆಕಾರ್ಡರು ಮನೆಮನೆಗೆ ಬಂತು. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಬಹುದು, ನಿಲ್ಲಿಸಬಹುದು, ಅಕ್ಷರ ಬಿಡದೆ ಬರೆದುಕೊಳ್ಳಬಹುದು. ಮೂಲದವರು ಕೆಮ್ಮಿದ ಕಡೆಯಲ್ಲಿ ನಕಲಿನವರೂ ಕೆಮ್ಮುತ್ತಾರೆ ಎಂಬ ತಮಾಷೆ ಹುಟ್ಟಿದ್ದು ಆಗಲೇ. ಇಂದು ಕ್ಯಾಸೆಟ್ಟಿನ ಜಾಗಕ್ಕೆ ಮೊಬೈಲು ಬಂದಿದೆ, ಕೆಮ್ಮು ಹಾಗೆಯೇ ಇದೆ.

ಬೋಳಾರದ ಪಕ್ಕದ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದರು. ಆಮೇಲೆ ನೇತ್ರಾವತಿಯ ದಂಡೆಯುದ್ದಕ್ಕೂ ಹೊಗೆ ಕೊಳವೆಗಳು ಎದ್ದವು. ಅವುಗಳಲ್ಲಿ ಬಹುಪಾಲು ಈಗ ಮುಚ್ಚಿವೆ. ಅಚ್ಚಿನಲ್ಲಿ ಒತ್ತಿದ ಹೆಂಚು ಯಾವ ಮಾಡಿಗಾದರೂ ಹೊಂದುತ್ತದೆ, ಏಕೆಂದರೆ ಹೆಂಚಿನ ಅಳತೆ ನೋಡಿಯೇ ಬಡಗಿ ಪಕ್ಕಾಸಿಗೆ ರೀಪು ಹೊಡೆದಿರುತ್ತಾನೆ. ಎದುರು ಕೂತ ವಾಲಿ ಹಾಗೆ ಅಳತೆ ನೋಡಿ ಪ್ರಶ್ನೆ ಕೇಳುತ್ತಾನೆಯೇ?

ಪ್ರಾಚೀನ ಗ್ರೀಸಿನಲ್ಲೂ ಇದೇ ಗೋಳು. ಗಾರ್ಜಿಯಸ್ ಮೊದಲಾದ ವಾಕ್ಪಟುಗಳು ಹಣ ಪಡೆದು ಶಿಷ್ಯರಿಗೆ ಸಿದ್ಧ ಭಾಷಣಗಳನ್ನು ಉರುಹೊಡೆಸುತ್ತಿದ್ದರು. ಅರಿಸ್ಟಾಟಲನಿಗೆ ಇದು ಸರಿಬರಲಿಲ್ಲ. ಚಪ್ಪಲಿ ಹೊಲಿಯುವ ವಿದ್ಯೆ ಕಲಿಸುತ್ತೇನೆಂದು ಹೇಳಿ ನಾಲ್ಕಾರು ಜೊತೆ ಚಪ್ಪಲಿ ಕೈಗೆ ಕೊಟ್ಟು ಕಳುಹಿಸಿದ ಹಾಗಾಯಿತು ಎಂದು ಆತ ಹಂಗಿಸಿದ್ದಾನೆ.

ನಮ್ಮವರು ಹಂಗಿಸುವುದರಲ್ಲೇ ನಿಲ್ಲಲಿಲ್ಲ, ಅದಕ್ಕೆ ಕಾನೂನನ್ನೇ ಮಾಡಿಟ್ಟರು. ಗೌತಮನ ನ್ಯಾಯಸೂತ್ರದ ಕೊನೆಯ ಅಧ್ಯಾಯದಲ್ಲಿ 22 ನಿಗ್ರಹಸ್ಥಾನಗಳನ್ನು ಹೇಳಿದೆ. ನಿಗ್ರಹಸ್ಥಾನವೆಂದರೆ ಸಭೆಯಲ್ಲಿ ವಾದಿ ಸೋತನೆಂದು ತೀರ್ಮಾನಿಸುವ ಜಾಗ. ಪ್ರಕೃತ ವಿಷಯ ಬಿಟ್ಟು ಬೇರೆ ಕಡೆ ಹೊರಳಿದರೆ ‘ಅರ್ಥಾಂತರ’. ಒಂದು ಕಾರಣ ಸಾಕಾದಲ್ಲಿ ಹತ್ತು ಪೇರಿಸಿದರೆ ‘ಅಧಿಕ’. ಹೇಳಿದ್ದನ್ನೇ ಸುಮ್ಮನೆ ಹೇಳಿದರೆ ‘ಪುನರುಕ್ತ’. ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ‘ಅನನುಭಾಷಣ’. ಎದುರಾಳಿಯ ಮಾತು ಸಭೆಗೆ ಅರ್ಥವಾಗಿದೆ, ಮೂರು ಸಲ ಹೇಳಿಯೂ ಆಗಿದೆ. ಆದರೂ ಅದನ್ನು ತಿರುಗಿ ಎತ್ತಿ ಹೇಳಲು ಈತನಿಂದ ಆಗುವುದಿಲ್ಲ. ಉತ್ತರ ತಪ್ಪಾಯಿತೆಂದು ಈತ ಸೋತದ್ದಲ್ಲ. ಪ್ರಶ್ನೆ ಕಿವಿಗೆ ಬಿದ್ದಿಲ್ಲವೆಂಬುದಕ್ಕಾಗಿಯೇ ಸೋತ.

ಎರವಲು ತರುವುದೇ ಅಪರಾಧ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಕುಮಾರವ್ಯಾಸನೂ ಕಟಕಟೆಗೆ ಬರಬೇಕಾದೀತು. ಕೂಟದಲ್ಲೇ ಸಿದ್ಧಮಾತಿಗೊಂದು ಜಾಗವಿದೆ. ಪಾತ್ರ ತನ್ನನ್ನು ಪರಿಚಯಿಸಿಕೊಳ್ಳುವ ಪೀಠಿಕೆಯೇ ಆ ಜಾಗ. ಅಲ್ಲಿ ಮನೆಯಿಂದ ತಯಾರಾಗಿ ಬಂದರೆ ಯಾರೂ ಆಕ್ಷೇಪಿಸುವುದಿಲ್ಲ, ತಯಾರಾಗದೆ ಬಂದರೇ ಆಕ್ಷೇಪ. ಕಷ್ಟ ಬರುವುದು ಸಂವಾದ ಶುರುವಾದ ಮೇಲೂ ಪೀಠಿಕೆ ಮುಂದುವರಿದಾಗ. ಉದ್ದವೂ ತಾನಾಗಿಯೇ ದೋಷವಲ್ಲ. ದೇರಾಜೆ ಸೀತಾರಾಮಯ್ಯನವರು ಮಿತವಾದ ಮಾತಿಗೆ ಹೆಸರಾದವರು, ಶೇಣಿ ಗೋಪಾಲಕೃಷ್ಣ ಭಟ್ಟರು ವಾದವನ್ನು ಎಳೆಎಳೆಯಾಗಿ ಬಿಡಿಸಿ ಬೆಳೆಸುತ್ತಿದ್ದವರು. ಇಬ್ಬರಿಗೂ ಜನ ರಾತ್ರಿಯಿಡೀ ಕಿವಿಗೊಟ್ಟರು. ಶೇಣಿಯವರ ದೀರ್ಘ ಮಾತು ಬೇಸರ ತರಿಸದಿದ್ದುದಕ್ಕೆ ಕಾರಣ, ಅದು ಎದುರಿನವರ ಒಂದು ಶಬ್ದವನ್ನು ಹಿಡಿದೇ ಹೊರಡುತ್ತಿದ್ದದ್ದು. ಅದೇ ಮಾತನ್ನು ಅಲ್ಲಿಂದ ಕಿತ್ತು ತಂದು ಬೇರೊಂದು ಪ್ರಶ್ನೆಯ ಮುಂದೆ ಇಟ್ಟರೆ ಇಪ್ಪತ್ತೈದು ನಿಮಿಷದ ಶಿಕ್ಷೆಯಾಗುತ್ತದೆ.

ಇದು ಕೇವಲ ಬೇಸರದ ಪ್ರಶ್ನೆಯೂ ಅಲ್ಲ. ಅವತಾರ ಪುರುಷನೆದುರು ಕೂತು “ನೀನು ಮಾಡಿದ್ದು ಸರಿಯೇ?” ಎಂದು ಕೇಳಲು, ಸರಿಯಾದ ಉತ್ತರ ಬರುವ ತನಕ ಬಿಡದಿರಲು ಅವಕಾಶ ಇರುವ ಜಾಗಗಳು ಲೋಕದಲ್ಲಿ ಎಷ್ಟಿವೆ? ಕರಾವಳಿಯ ರೈತರೂ ಅಂಗಡಿಯವರೂ ವಾಲಿಯ ಬಾಯಿಂದ, ಕರ್ಣನ ಬಾಯಿಂದ, ಅಂಬೆಯ ಬಾಯಿಂದ ತಮ್ಮವೇ ಸಂಶಯಗಳನ್ನು ಕೇಳಿಸಿಕೊಂಡಿದ್ದಾರೆ. ವಾಲಿಯ ಆ ಸಣ್ಣ ಪ್ರಶ್ನೆ ಆ ಅರ್ಥಧಾರಿಯ ಕುಶಾಲೂ ಅಲ್ಲ. ತನ್ನನ್ನು ಕೇಳಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದುಕೊಡುತ್ತಿದ್ದೆ ಎಂದು ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲೇ ವಾಲಿ ಹೇಳುತ್ತಾನೆ. ಅಲ್ಲಿ ರಾಮ ವಂಶಾವಳಿ ಓದುತ್ತಾ ಕೂರುವುದಿಲ್ಲ. ತಮ್ಮನ ಹೆಂಡತಿ ರುಮೆಯ ವಿಚಾರವನ್ನು ನೇರವಾಗಿ ಎತ್ತುತ್ತಾನೆ.

ಆ ರಾತ್ರಿ ವಾಲಿ ಮೂರನೆಯ ಸಲವೂ ಅದನ್ನೇ ಕೇಳಿದರು. ರಾಮ ಮತ್ತೆ ಶಾಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಭಾಗವತರು ಗಡಿಯಾರ ನೋಡಿ ಮುಂದಿನ ಪದ ಎತ್ತಿಬಿಟ್ಟರು. ವಾಲಿಗೆ ಮೋಕ್ಷ ಸಿಕ್ಕಿತು, ಉತ್ತರ ಸಿಗಲಿಲ್ಲ. ಕೂಟ ಮುಗಿಸಿ ಮಂಗಳಾದೇವಿಯ ರಸ್ತೆಯಲ್ಲಿ ನಡೆಯುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಆ ಹಿರಿಯರೂ ಜೊತೆಗಿದ್ದರು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳಿದೆ. ಅವರು ಬೀಡಿ ಹಚ್ಚಿಕೊಂಡು, “ಅದರಲ್ಲಿ ಏನುಂಟು ಮಾರಾಯರೇ?” ಎಂದರು. “ಹೆಂಡತಿಯನ್ನು ಕಳಕೊಂಡವನು, ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನ ಬಾಗಿಲಿಗೆ ಸಹಾಯ ಕೇಳಲಿಕ್ಕೆ ಹೋಗುವುದು ಹೇಗೆ?”