ನಮ್ಮ ದುಡ್ಡು, ಅವರ ಊರು

2016ರ ಜೂನ್ 24, ಶುಕ್ರವಾರ. ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಅವತ್ತು ಯಾರೂ ಸರಿಯಾಗಿ ಕೆಲಸ ಮಾಡಲಿಲ್ಲ. ಬ್ರಿಟನ್ನಿನ ಜನ ಯುರೋಪಿಯನ್ ಒಕ್ಕೂಟ ಬಿಟ್ಟು ಹೊರಬರುವುದಕ್ಕೆ ಓಟು ಹಾಕಿಬಿಟ್ಟಿದ್ದರು. ಪೌಂಡು 31 ವರ್ಷಗಳಲ್ಲಿ ಕಾಣದಷ್ಟು ಕೆಳಗೆ ಬಿದ್ದಿತ್ತು. ಇಲ್ಲಿ ಸೆನ್ಸೆಕ್ಸ್ 600ಕ್ಕೂ ಹೆಚ್ಚು ಅಂಕ ಕಳೆದುಕೊಂಡಿತ್ತು. ಲಂಡನ್ ಕ್ಲೈಂಟ್ ಇದ್ದವರ ಮುಖ ಸಣ್ಣಗಾಗಿತ್ತು, ಉಳಿದವರು ವಾಟ್ಸ್ಆ್ಯಪಿನಲ್ಲಿ ಜೋಕು ಹಂಚುತ್ತಿದ್ದರು. "ಇಷ್ಟು ಓದಿದ ಜನ ಹೀಗ್ಯಾಕೆ ಮಾಡ್ಕೊಂಡ್ರು?" ಅನ್ನೋದೇ ಎಲ್ಲರ ಪ್ರಶ್ನೆ.

ಅವತ್ತು ರಾತ್ರಿ ರೈಲು ಹತ್ತಿ ಭದ್ರಾವತಿಗೆ ಹೋದೆ. ಬೆಳಿಗ್ಗೆ ನ್ಯೂ ಟೌನಿನ ಮನೆಯಲ್ಲಿ ಅಪ್ಪ ಪೇಪರ್ ಹಿಡಿದು ಕೂತಿದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಪೌಂಡು, ಸೆನ್ಸೆಕ್ಸ್ ಯಾವುದರ ಬಗ್ಗೆಯೂ ಕೇಳಲಿಲ್ಲ. "ಅಲ್ಲ ಕಣೋ, ಆ ಟಾಟಾದವರ ಉಕ್ಕಿನ ಊರು ಇದ್ಯಲ್ಲ, ಅವರು ಯಾವ ಕಡೆ ಹಾಕಿದ್ರಂತೆ?" ಅಂದರು.

ಅಪ್ಪ ಕೇಳಿದ್ದು ವೇಲ್ಸ್‌ನ ಪೋರ್ಟ್ ಟಾಲ್ಬಟ್ ಬಗ್ಗೆ. 2007ರಲ್ಲಿ ಕೋರಸ್ ಕಂಪನಿಯನ್ನು ಕೊಂಡಾಗ ಆ ಕಾರ್ಖಾನೆ ಟಾಟಾ ಕೈಗೆ ಬಂದಿತ್ತು. ಜನಮತಕ್ಕೆ ಮೂರು ತಿಂಗಳ ಮುಂಚೆ, 2016ರ ಮಾರ್ಚ್‌ನಲ್ಲಿ, ಬ್ರಿಟನ್ನಿನ ಉಕ್ಕಿನ ವ್ಯವಹಾರವನ್ನೇ ಮಾರುವುದಾಗಿ ಟಾಟಾ ಸ್ಟೀಲ್ ಹೇಳಿತ್ತು. ಉಕ್ಕಿನ ಊರಿನವರಿಗೆ ಇನ್ನೊಂದು ಉಕ್ಕಿನ ಊರಿನ ಚಿಂತೆ. ಫೋನಿನಲ್ಲಿ ಹುಡುಕಿದೆ. ಬ್ರಿಟನ್ ಒಟ್ಟಾರೆ 51.9ಕ್ಕೆ 48.1 ಅಂತ ಇದ್ದರೆ, ಪೋರ್ಟ್ ಟಾಲ್ಬಟ್ ಇರುವ ಜಿಲ್ಲೆಯಲ್ಲಿ ಸುಮಾರು ಶೇ. 57 ಮಂದಿ "ಬಿಡೋಣ" ಅಂದಿದ್ದರು. ಪಕ್ಕದ ಎಬೂ ವೇಲ್ ಕಡೆ ಇದು ಶೇ. 62. ಅಲ್ಲಿನ ಉಕ್ಕಿನ ಕಾರ್ಖಾನೆ 2002ರಲ್ಲೇ ಮುಚ್ಚಿತ್ತು. ಆಮೇಲೆ ಆ ಊರಿಗೆ ಕಾಲೇಜು, ರೈಲು, ರಸ್ತೆ ಅಂತ ಯುರೋಪಿನ ದುಡ್ಡು ಧಾರಾಳವಾಗಿ ಹರಿದುಬಂದಿತ್ತು. ದುಡ್ಡು ಪಡೆದ ಊರೇ ಕೊಟ್ಟವರ ಕೈ ಬಿಟ್ಟಿತ್ತು!

ನನಗೆ ಇದು ವಿಚಿತ್ರ ಅನಿಸಿತು, ಅಪ್ಪನಿಗೆ ಅನಿಸಲಿಲ್ಲ. "ಫಲಕ ಹಾಕಿದ್ರೆ ಹೊಟ್ಟೆ ತುಂಬುತ್ತಾ? ಅವರಿಗೆ ಬೇಕಿದ್ದು ಫ್ಯಾಕ್ಟರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮಲ್ಲೂ ಕೂಡೋದಾ ಬೇಡ್ವಾ ಅಂತ ಜಗಳ ಆಗಿತ್ತು. ನಿಮ್ಮಜ್ಜ ಹೇಳೋರು" ಅಂತ ಸೇರಿಸಿದರು.

ಆ ಜಗಳ ಯಾವುದು ಗೊತ್ತಾ? ಪ್ರತಿ ನವೆಂಬರ್ 1ಕ್ಕೆ ನಾವು ಬಾವುಟ ಹಾರಿಸಿ, ಹಳದಿ-ಕೆಂಪು ಶಾಲು ಹಾಕಿಕೊಂಡು ಸೆಲ್ಫಿ ತೆಗೆದುಕೊಳ್ಳುತ್ತೇವಲ್ಲ, ಆ ಏಕೀಕರಣದ ಜಗಳ. ಕನ್ನಡಿಗರೆಲ್ಲ ಒಂದೇ ದನಿಯಲ್ಲಿ "ಒಂದಾಗೋಣ" ಅಂದರು ಅಂತ ಸ್ಕೂಲಿನಲ್ಲಿ ಓದಿದ ನೆನಪು ನಮಗೆ. ನಿಜ ಹಾಗಿರಲಿಲ್ಲ. ಧಾರವಾಡ, ಬಳ್ಳಾರಿ, ಕಲಬುರಗಿ ಕಡೆ ಏಕೀಕರಣ ಎಂದರೆ ಪ್ರಾಣ. ಹಳೇ ಮೈಸೂರಿನಲ್ಲಿ ಹಾಗಲ್ಲ, ದೊಡ್ಡದೊಂದು ಗುಂಪು ಬೇಡವೇ ಬೇಡ ಅನ್ನುತ್ತಿತ್ತು.

ಅವರ ವಾದದಲ್ಲಿ ಲೆಕ್ಕವಿತ್ತು. ಮೈಸೂರಿಗೆ 1902ರಿಂದ ಶಿವನಸಮುದ್ರದ ಕರೆಂಟು, 1948ರಿಂದ ಜೋಗದ ಕರೆಂಟು. 1916ರಿಂದ ಸ್ವಂತ ವಿಶ್ವವಿದ್ಯಾಲಯ. ಮತ್ತೆ ನಮ್ಮ ಭದ್ರಾವತಿ. ಬೆಂಕಿಪುರ ಅಂತಿದ್ದ ಊರಿನಲ್ಲಿ 1918ರಲ್ಲಿ ಕೆಲಸ ಶುರುವಾಗಿ, 1923ರಲ್ಲಿ ಕಬ್ಬಿಣ ಹರಿದ ಕಾರ್ಖಾನೆ. ಅದು ವಿಶ್ವೇಶ್ವರಯ್ಯನವರ ಕನಸು, ಇಡೀ ಸಂಸ್ಥಾನದ ಹೆಮ್ಮೆ. ಇನ್ನೊಂದು ಕಡೆ ಮುಂಬೈ, ಹೈದರಾಬಾದ್, ಮದ್ರಾಸುಗಳ ಅಂಚಿನಲ್ಲಿ ಯಾರ ಗಮನಕ್ಕೂ ಬೀಳದೆ ಉಳಿದ ಕನ್ನಡ ಜಿಲ್ಲೆಗಳು. "ಇವರನ್ನು ಸೇರಿಸಿಕೊಂಡರೆ ನಮ್ಮ ದುಡ್ಡೆಲ್ಲ ಅವರ ಊರಿಗೆ" ಎಂಬ ಮಾತು ಹುಟ್ಟಿದ್ದು ಹೀಗೆ. ಜೊತೆಗೆ ಬಾಯಿಬಿಟ್ಟು ಹೇಳದ ಇನ್ನೊಂದು ಲೆಕ್ಕ, ಜಾತಿಯದು. ಹಳೇ ಮೈಸೂರಿನಲ್ಲಿ ಒಕ್ಕಲಿಗರ ಕೈ ಮೇಲಿತ್ತು, ದೊಡ್ಡ ರಾಜ್ಯವಾದರೆ ಲಿಂಗಾಯತರ ಕೈ ಮೇಲಾಗುತ್ತದೆ ಎಂಬ ಭಯ. ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗ ಈ ಭಯಗಳನ್ನೆಲ್ಲ ಕೇಳಿಸಿಕೊಂಡಿತು. ಆದರೂ 1955ರ ಸೆಪ್ಟೆಂಬರ್ 30ರ ವರದಿಯಲ್ಲಿ ಒಂದೇ ಕನ್ನಡ ರಾಜ್ಯ ಆಗಲಿ ಅಂದಿತು.

ಬ್ರೆಕ್ಸಿಟ್ ಹೊತ್ತಿನಲ್ಲಿ ಬಸ್ಸಿನ ಮೇಲೆ ಬರೆದುಕೊಂಡು ಓಡಾಡಿದ್ದೂ ಇದೇ ಮಾತು. ವಾರಕ್ಕೆ 35 ಕೋಟಿ ಪೌಂಡು ಯುರೋಪಿಗೆ ಹೋಗ್ತಿದೆ, ಅದನ್ನು ನಮ್ಮ ಆಸ್ಪತ್ರೆಗೆ ಹಾಕೋಣ ಅಂತ. ಆ ಲೆಕ್ಕವೇ ತಪ್ಪು ಅಂತ ತಿಳಿದವರು ಆಗಲೇ ಹೇಳಿದ್ದರು. ಜನ ಲೆಕ್ಕ ನೋಡಲಿಲ್ಲ, ಬಸ್ಸು ನೋಡಿದರು.

ನಮ್ಮಲ್ಲಿ ಜನಮತ ಕೇಳಲಿಲ್ಲ. ಮಾತುಕತೆ ನಡೆದದ್ದು ಶಾಸನಸಭೆಯಲ್ಲಿ, ಪೇಪರುಗಳಲ್ಲಿ, ಸಭೆಗಳಲ್ಲಿ. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ತಮ್ಮದೇ ಪಕ್ಷದ, ತಮ್ಮದೇ ಸಮುದಾಯದ ಹಲವರ ಸಿಟ್ಟಿನ ನಡುವೆ ಏಕೀಕರಣದ ಪರ ನಿಂತರು. ನಮ್ಮ ಶಿವಮೊಗ್ಗ ಜಿಲ್ಲೆಯವರ ಪಾಲೂ ಸಣ್ಣದಲ್ಲ. ತೀರ್ಥಹಳ್ಳಿ ಕಡೆಯ ಕುವೆಂಪು ಏಕೀಕರಣದ ಪರ ಬರೆದರು, ಮಾತಾಡಿದರು. ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಅದೇ ಕಡೆ ನಿಂತರು. ರಾಜ್ಯ ಹುಟ್ಟುವ ಹೊತ್ತಿಗೆ ಹನುಮಂತಯ್ಯನವರ ಕುರ್ಚಿ ಹೋಗಿತ್ತು. ಹಳೇ ಮೈಸೂರಿನ ಕೊನೆಯ ಎರಡೂವರೆ ತಿಂಗಳು ಮುಖ್ಯಮಂತ್ರಿಯಾಗಿದ್ದು ನಮ್ಮದೇ ಜಿಲ್ಲೆಯ ಕಡಿದಾಳ್ ಮಂಜಪ್ಪ. 1956ರ ನವೆಂಬರ್ 1ರಂದು ಅವರು ಜಾಗ ಬಿಟ್ಟುಕೊಟ್ಟಿದ್ದು ಚಿತ್ರದುರ್ಗದ ನಿಜಲಿಂಗಪ್ಪನವರಿಗೆ.

ಅವತ್ತು ಮೈಸೂರಿನಲ್ಲಿ ಹೌದು-ಇಲ್ಲ ಅಂತ ಓಟಿಗೆ ಹಾಕಿದ್ದರೆ ಏನಾಗುತ್ತಿತ್ತು? ನನಗಂತೂ ಧೈರ್ಯವಾಗಿ ಹೇಳಕ್ಕಾಗಲ್ಲ. ಜನಮತವೇ ಕೆಟ್ಟದ್ದು ಅಂತಲೂ ಹೇಳುತ್ತಿಲ್ಲ. ಪಕ್ಕದ ಗೋವಾದವರನ್ನು 1967ರ ಜನವರಿ 16ರಂದು ಹಾಗೇ ಕೇಳಲಾಯಿತು: ಮಹಾರಾಷ್ಟ್ರಕ್ಕೆ ಸೇರ್ತೀರೋ, ಬೇರೆಯಾಗೇ ಇರ್ತೀರೋ? ಸುಮಾರು 34 ಸಾವಿರ ಓಟುಗಳ ಅಂತರದಲ್ಲಿ ಬೇರೆಯಾಗಿರ್ತೀವಿ ಅಂದರು. ಇವತ್ತಿಗೂ ಗೋವಾದಲ್ಲಿ ಆ ದಿನವನ್ನು ನೆನೆಯುತ್ತಾರೆ. ಓಟು ಹಾಕಿ ತೀರ್ಮಾನ ಮಾಡಿದರೂ, ಮಾತಾಡಿ ತೀರ್ಮಾನ ಮಾಡಿದರೂ, ಅವತ್ತಿನ ಭಯ ನಿಜವಾಯಿತಾ ಅಂತ ಆಮೇಲೆ ಯಾರಾದರೂ ಕೂತು ನೋಡಬೇಕು. ನಾವು ಅದೊಂದನ್ನೇ ಮಾಡುವುದಿಲ್ಲ.

ಹಾಗಾದರೆ ನೋಡೋಣ. "ನಮ್ಮ ದುಡ್ಡೆಲ್ಲ ಅವರ ಊರಿಗೆ" ಹೋಯಿತಾ?

ಏಕೀಕರಣವಾಗಿ 46 ವರ್ಷದ ಮೇಲೆ, 2002ರಲ್ಲಿ, ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ 175 ತಾಲೂಕುಗಳನ್ನು ಅಳೆದು ತೂಗಿತು. 114 ಹಿಂದುಳಿದವು. ಅದರಲ್ಲೂ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 26 ಉತ್ತರ ಕರ್ನಾಟಕದವು, ಹೆಚ್ಚಿನವು ಕಲಬುರಗಿ ವಿಭಾಗದವು. ಅಂದರೆ ಹಳೇ ಮೈಸೂರಿನವರು ಹೆದರಿದ್ದಕ್ಕೆ ಪೂರ್ತಿ ಉಲ್ಟಾ. ದುಡ್ಡು ಆ ಕಡೆ ಹೋಗಲೇ ಇಲ್ಲ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿಗೆ ಸಂಸತ್ತು ಒಪ್ಪಿದ್ದು 2012ರ ಡಿಸೆಂಬರ್‌ನಲ್ಲಿ.

ನಮ್ಮ ಭದ್ರಾವತಿ? ಕಾರ್ಖಾನೆ 1989ರಲ್ಲಿ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತ ಮೇಲೆ ಸ್ವಂತ ಅದಿರಿಲ್ಲದೆ ಒದ್ದಾಡಿತು. ಅದಿರಿಗಾಗಿ ನೋಡಬೇಕಾದದ್ದು ಯಾವ ಕಡೆ? ಬಳ್ಳಾರಿ ಕಡೆ. ನಮ್ಮ ಮನೆ ಬಾಗಿಲಿಗೆ ಭಾರವಾಗುತ್ತಾರೆ ಅಂತ ಯಾರ ಬಗ್ಗೆ ಅಂದುಕೊಂಡಿದ್ದರೋ, ಅವರ ಮಣ್ಣೇ ನಮ್ಮ ಒಲೆಗೆ ಬೇಕಾಯಿತು. ಬ್ರೆಕ್ಸಿಟ್ ಆದ ಅದೇ 2016ರ ಅಕ್ಟೋಬರ್‌ನಲ್ಲಿ ಕಾರ್ಖಾನೆಯ ಖಾಸಗೀಕರಣಕ್ಕೆ ಕೇಂದ್ರ ಸಂಪುಟ ತಾತ್ವಿಕವಾಗಿ ಒಪ್ಪಿತು. ಕೊಳ್ಳುವವರು ಬರಲಿಲ್ಲ. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಅತ್ತ ಪೋರ್ಟ್ ಟಾಲ್ಬಟ್ಟಿನ ಕೊನೆಯ ಬ್ಲಾಸ್ಟ್ ಫರ್ನೇಸ್ 2024ರ ಸೆಪ್ಟೆಂಬರ್ 30ರಂದು ಆರಿತು. ಒಕ್ಕೂಟ ಬಿಟ್ಟದ್ದಕ್ಕೆ ಅವರ ಬೆಂಕಿ ಉಳಿಯಲಿಲ್ಲ, ಒಕ್ಕೂಟ ಸೇರಿದ್ದಕ್ಕೆ ನಮ್ಮದು ನಂದಲಿಲ್ಲ. ಎರಡೂ ಊರಿಗೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಜಗಳ ಆಡುತ್ತಿದ್ದದ್ದು ಮಾತ್ರ ಪಕ್ಕದ ಮನೆಯವರ ಜೊತೆ.

ಈ ಹಳೇ ಕಥೆ ಈಗ್ಯಾಕೆ ಅಂತೀರಾ? ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಈಗಲೂ ಇದೇ ಮಾತು ಕೇಳುತ್ತೇನೆ. "ಟ್ಯಾಕ್ಸ್ ಕಟ್ಟೋದು ಬೆಂಗಳೂರು, ಖರ್ಚಾಗೋದು ಬೇರೆಲ್ಲೋ." ಅತ್ತ ಕಡೆಯಿಂದ ಆಗಾಗ "ನಮಗೆ ಬೇರೆ ರಾಜ್ಯ ಕೊಡಿ" ಎಂಬ ಕೂಗು. ಕೊಡುವವರಿಗೂ ಮೋಸವಾಯಿತು ಅನಿಸುತ್ತದೆ, ಪಡೆಯಬೇಕಾದವರಿಗೂ ಮೋಸವಾಯಿತು ಅನಿಸುತ್ತದೆ. ಎಬೂ ವೇಲ್‌ನಲ್ಲೂ ಆಗಿದ್ದು ಇಷ್ಟೇ ಇರಬೇಕು. ನಾನೂ ಹಿಂದೆ ಆ ಕ್ಯಾಂಟೀನಿನ ಮಾತಿಗೆ ತಲೆಯಾಡಿಸಿದವನೇ. ನಂಜುಂಡಪ್ಪ ವರದಿಯ ಆ 39 ತಾಲೂಕುಗಳ ಪಟ್ಟಿ ನೋಡಿದ ಮೇಲೆ ಸುಲಭವಾಗಿ ತಲೆಯಾಡುತ್ತಿಲ್ಲ.

ಅವತ್ತು ಸಂಜೆ ಅಪ್ಪನ ಜೊತೆ ವಾಕಿಂಗ್ ಹೋದೆ. ನಮ್ಮ ನ್ಯೂ ಟೌನ್ ಒಂಥರಾ ವಿಚಿತ್ರ ಊರು. ಕಾರ್ಖಾನೆಗೆಂದು ಎಲ್ಲೆಲ್ಲಿಂದಲೋ ಬಂದವರ ಕ್ವಾರ್ಟರ್ಸುಗಳು, ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು. ಅಪ್ಪನ ಹಳೇ ಶಿಫ್ಟಿನ ಗೆಳೆಯರೊಬ್ಬರು ಗೇಟಿನ ಬಳಿ ಸಿಕ್ಕರು. "ಏನ್ ಸಾರ್, ಬ್ರಿಟನ್ನಿನವರು ಬಿಟ್ಟೇಬಿಟ್ರಂತೆ?" ಅಂದರು. ಅಪ್ಪ ನಕ್ಕರು. "ಬಿಡೋದು ಒಂದಿನದ ಕೆಲಸ ಕಣ್ರೀ. ನಾಳೆ ಬೆಳಿಗ್ಗೆ ಶಿಫ್ಟಿಗೆ ಯಾರ ಜೊತೆ ಹೋಗ್ತಾರೆ, ಅದನ್ನ ಕೇಳಿ."