ಪುಟಾಣಿಗಳಿಗೆ ಓದಿ ಹೇಳಲು ಕಾರ್ನಿವಲ್ ಕಥೆ

ಟೊರಾಂಟೋದಲ್ಲಿ 1967ರಿಂದ ನಡೆದುಬಂದಿರುವ ಕೆರಿಬಿಯನ್ ಕಾರ್ನಿವಲ್‌ಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ ನಾಡಿಯಾ ಹೋನ್ ಅವರ ‘ಮಲೈಕಾಸ್ ಕಾಸ್ಟ್ಯೂಮ್’ (2016) ಚಿತ್ರಪುಸ್ತಕ ಓದಿ ಹೇಳಿ ಎಂಬುದು ನಮ್ಮ ಸಲಹೆ.

ಮಲೈಕಾಳ ಅಮ್ಮ ಕೆಲಸಕ್ಕೆಂದು ಕೆನಡಾಕ್ಕೆ ಹೋಗಿದ್ದಾಳೆ. ಕಾರ್ನಿವಲ್ ವೇಷಕ್ಕೆ ಅವಳು ಕಳಿಸಬೇಕಿದ್ದ ಹಣ ಬಂದಿಲ್ಲ. ಅಜ್ಜಿಯ ಹಳೆಯ ವೇಷ ಹುಡುಗಿಗೆ ಬೇಡ. ಕೊನೆಗೆ ಬಟ್ಟೆ ಚೂರುಗಳಿಂದ ನವಿಲಿನ ವೇಷ ಸಿದ್ಧವಾಗುತ್ತದೆ. ಅಪ್ಪ ಮೊದಲು ಬಂದು, ಹೆಂಡತಿ ಮಕ್ಕಳು ಆಮೇಲೆ ಬಂದು ಸೇರಿದ ಮನೆಗಳು ನಮ್ಮಲ್ಲೂ ಇವೆಯಲ್ಲ! ಹಾಗಾಗಿ ಹಣ ಬಾರದ ಪುಟವನ್ನು ಬೇಗ ಮಗುಚಬೇಡಿ, ಮಗು ಪ್ರಶ್ನೆ ಕೇಳಲಿ. ಮಾತುಗಳಲ್ಲಿ ಕೆರಿಬಿಯನ್ ಆಡುನುಡಿಯಿದೆ. ಅದನ್ನು ಹಾಗೆಯೇ ಓದಿ, ಅರ್ಥ ಕನ್ನಡದಲ್ಲಿ ಹೇಳಿ.

‘ಮಲೈಕಾಸ್ ವಿಂಟರ್ ಕಾರ್ನಿವಲ್’ (2017) ಕಥೆಯಲ್ಲಿ ಅವಳೂ ಅಮ್ಮನ ಬಳಿಗೆ, ಕ್ವಿಬೆಕ್ ನಗರಕ್ಕೆ ಬರುತ್ತಾಳೆ. ಅಲ್ಲಿ ಕಾರ್ನಿವಲ್ ನಡೆಯುವುದು ಕೊರೆಯುವ ಹಿಮದಲ್ಲಿ.