ಭೂಮಿಯ ಒಡಲನ್ನು ತರಗತಿಗೆ ತಂದ ಎರಡು ಪ್ರೊಜೆಕ್ಟರ್‌ಗಳು

ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಪ್ರಯತ್ನಿಸಿ. ದಾರ ಸೂಜಿಯ ಆಚೆಗೋ ಈಚೆಗೋ ಹೋಗುತ್ತದೆ. ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನದಿಂದ ನೋಡುತ್ತವೆ. ಮೆದುಳು ಎರಡನ್ನೂ ಕೂಡಿಸಿ ಆಳವನ್ನು ಅಳೆಯುತ್ತದೆ. ಬಸ್ರಾದಲ್ಲಿ ಜನಿಸಿದ ಇಬ್ನುಲ್ ಹೈಸಮ್ 11ನೇ ಶತಮಾನದಲ್ಲಿಯೇ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ ಎರಡು ಕಣ್ಣಿನ ನೋಟವನ್ನು ಚರ್ಚಿಸಿದ್ದರು. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ ಕನ್ನಡಿಗಳ ಮೂಲಕ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸಿ, ಚಪ್ಪಟೆ ರೇಖೆಗಳಿಗೂ ಆಳ ಬರುವುದನ್ನು ಸಾಧಿಸಿ ತೋರಿಸಿದರು.

ಕಂಪ್ಯೂಟರಿಗೆ ಈ ವಿದ್ಯೆಯನ್ನು ಕಲಿಸಿದವರು ಅಮೆರಿಕದ ಐವನ್ ಸದರ್‌ಲ್ಯಾಂಡ್. 1968ರ ಅವರ ಯಂತ್ರವನ್ನು ತಲೆಗೆ ಕಟ್ಟಿಕೊಳ್ಳಬೇಕಿತ್ತು, ಅದು ಚಾವಣಿಯಿಂದ ತೂಗುತ್ತಿತ್ತು! 1992ರಲ್ಲಿ ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದವರು ‘ಕೇವ್’ ಎಂಬ ಕೋಣೆಯನ್ನು ಪ್ರದರ್ಶಿಸಿದರು. ಗೋಡೆ, ನೆಲಗಳೇ ಪರದೆ. ವಿಜ್ಞಾನಿ ತನ್ನ ಅಂಕಿಅಂಶಗಳ ನಡುವೆಯೇ ನಿಂತು ನೋಡಬಹುದಾಗಿತ್ತು. ಆದರೆ ಅದರ ಖರ್ಚು ದೊಡ್ಡ ಸಂಶೋಧನಾಲಯಗಳಿಗೆ ಮಾತ್ರ ತಾಳುವಂಥದ್ದು. ನೋಡುವ ಭಾಗ್ಯವೂ ಹಣವಂತರಿಗೇ ಮೀಸಲಾದಂತಾಯಿತು.

ಬಾಗಿಲು ತೆರೆದದ್ದು ಮಕ್ಕಳ ಆಟದಿಂದ ಎಂದರೆ ನೀವು ನಗಬಹುದು. ವಿಡಿಯೋ ಗೇಮ್‌ಗಳ ಬೇಡಿಕೆಯಿಂದ ಗ್ರಾಫಿಕ್ಸ್ ಕಾರ್ಡ್‌ಗಳು ಅಗ್ಗವಾದವು. ಅದೇ ಶಿಕಾಗೋದ ಪ್ರಯೋಗಾಲಯದವರೂ ಕೆಲವು ಭೂವಿಜ್ಞಾನಿಗಳೂ ಸೇರಿ 2001ರ ಸುಮಾರಿಗೆ ‘ಜಿಯೋವಾಲ್’ ರೂಪಿಸಿದರು. ಒಂದು ಸಾಧಾರಣ ಕಂಪ್ಯೂಟರ್, ಎರಡು ಪ್ರೊಜೆಕ್ಟರ್, ಅವುಗಳ ಮುಂದೆ ಧ್ರುವೀಕರಿಸುವ ಗಾಜು, ಒಂದು ಬೆಳ್ಳಿಬಣ್ಣದ ಪರದೆ, ರಟ್ಟಿನ ಕನ್ನಡಕಗಳು. ಸುಣ್ಣದ ಗೋಡೆ ಏಕೆ ಸಾಲದು? ಅದು ಬೆಳಕಿನ ಧ್ರುವೀಕರಣವನ್ನು ಕೆಡಿಸುತ್ತದೆ, ಎರಡು ಚಿತ್ರಗಳೂ ಕಲಸಿಹೋಗುತ್ತವೆ. ಒಟ್ಟು ವೆಚ್ಚ 10,000 ಡಾಲರಿಗಿಂತ ಕಡಿಮೆ. ನಮ್ಮ ಶಾಲೆಗಳಿಗೆ ಅದೂ ಹೊರೆಯೇ, ಒಪ್ಪುತ್ತೇನೆ. ಆದರೆ ಕಾಲೇಜುಗಳಿಗೆ ಅದು ಕೈಗೆಟುಕಿತು.

ಪ್ರಯೋಜನವೇನು? ಜಪಾನಿನ ಭೂಕಂಪಗಳನ್ನು ನಕ್ಷೆಯಲ್ಲಿ ಚುಕ್ಕೆ ಇಟ್ಟು ತೋರಿಸಿದರೆ ಬರೀ ಚುಕ್ಕೆಗಳ ಗುಂಪು ಕಾಣುತ್ತದೆ. ಒಂದೊಂದು ಚುಕ್ಕೆಯನ್ನೂ ಅದರ ನಿಜವಾದ ಆಳದಲ್ಲಿ ಇಟ್ಟು ಕನ್ನಡಕ ಹಾಕಿಕೊಂಡರೆ, ಅವು ಇಳಿಜಾರಾದ ಹಾಳೆಯಂತೆ ಭೂಮಿಯೊಳಕ್ಕೆ ನೂರಾರು ಕಿಲೋಮೀಟರ್ ಇಳಿಯುತ್ತವೆ. ಅದೇ ಸಾಗರದ ತಳ ಖಂಡದ ಕೆಳಗೆ ಮುಳುಗುತ್ತಿರುವ ಜಾಗ. ಕಪ್ಪುಹಲಗೆಯ ಮೇಲೆ ಓರೆಗೆರೆ ಎಳೆದು ಇದನ್ನು ವಿವರಿಸುವ ಕಷ್ಟ ಶಿಕ್ಷಕನಿಗೇ ಗೊತ್ತು.

ಜಿಯೋವಾಲ್‌ಗೆ ಕೊರತೆಯೂ ಇತ್ತು. ನೀವು ತಲೆ ಆಡಿಸಿದರೆ ದೃಶ್ಯ ಬದಲಾಗುತ್ತಿರಲಿಲ್ಲ; ಪಕ್ಕದಲ್ಲಿ ಕೂತವರಿಗೆ ಚಿತ್ರ ಸ್ವಲ್ಪ ಸೊಟ್ಟಗೆ. ಆದರೂ ಇಡೀ ತರಗತಿ ಒಟ್ಟಿಗೆ ನೋಡಿ ಪ್ರಶ್ನೆ ಕೇಳಬಹುದಿತ್ತು. 2014ರಲ್ಲಿ ಗೂಗಲ್ ಹೊರತಂದ ‘ಕಾರ್ಡ್‌ಬೋರ್ಡ್’ ರಟ್ಟಿನ ಪೆಟ್ಟಿಗೆ ಇನ್ನೂ ಅಗ್ಗ, ಆದರೆ ನೋಟ ಒಬ್ಬೊಬ್ಬರದೇ. ತರಗತಿಗೆ ಮೊದಲನೆಯದೇ ಮೇಲೆಂದು ನನ್ನ ಅಭಿಪ್ರಾಯ. ಕಾರ್ಡ್‌ಬೋರ್ಡ್ ಮಾರಾಟವನ್ನು ಗೂಗಲ್ 2021ರಲ್ಲಿ ನಿಲ್ಲಿಸಿತು.

ಏನೂ ಇಲ್ಲದಿದ್ದರೆ ಹೀಗೆ ಮಾಡಿ: ಶಾಲೆಯ ಮರವೊಂದರ ಫೋಟೋ ತೆಗೆಯಿರಿ. ಕ್ಯಾಮೆರಾವನ್ನು ಎರಡೂವರೆ ಅಂಗುಲ ಬಲಕ್ಕೆ ಸರಿಸಿ ಇನ್ನೊಂದು ತೆಗೆಯಿರಿ. ಎರಡನ್ನೂ ಚಿಕ್ಕದಾಗಿ ಅಕ್ಕಪಕ್ಕ ಅಂಟಿಸಿ, ನಡುವೆ ಮೂಗಿನವರೆಗೆ ಒಂದು ರಟ್ಟು ನಿಲ್ಲಿಸಿ, ದೂರಕ್ಕೆ ನೋಡುವಂತೆ ಕಣ್ಣು ಸಡಿಲಿಸಿ ನೋಡಿ.